ಗಡಿ ಎಳೆಯುವ ಪೆನ್ನು ಯಾರ ಕೈಯಲ್ಲಿ?

ಪ್ರಶ್ನೆ: 2025ರ ಆಗಸ್ಟಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ವಿರೋಧ ಪಕ್ಷದ ಶಾಸಕರು ಗುಂಪಾಗಿ ಬೇರೆ ರಾಜ್ಯಕ್ಕೆ ಹೋಗಿ ಕುಳಿತದ್ದನ್ನು ಟಿವಿಯಲ್ಲಿ ನೋಡಿದೆ. ನಮ್ಮ ಶಾಸಕರು ರೆಸಾರ್ಟಿಗೆ ಹೋಗುವುದು ಸರ್ಕಾರ ಬೀಳಿಸಲಿಕ್ಕೆ, ಇಲ್ಲವೇ ಉಳಿಸಲಿಕ್ಕೆ. ಅವರು ಹೋದದ್ದು ಚುನಾವಣಾ ಕ್ಷೇತ್ರಗಳ ಹೊಸ ನಕ್ಷೆಯನ್ನು ತಡೆಯಲಿಕ್ಕಂತೆ. ಆಳುವ ಪಕ್ಷವೇ ಅಲ್ಲಿ ತನಗೆ ಬೇಕಾದಂತೆ ಕ್ಷೇತ್ರದ ಗಡಿ ಹಾಕಿಕೊಳ್ಳಬಹುದೇ? ಕೋರ್ಟು ಕೇಳುವುದಿಲ್ಲವೇ? ಚುನಾವಣೆಗೆ ಹಣ ಎಷ್ಟು ಬೇಕಾದರೂ ಸುರಿಯಬಹುದೆನ್ನುವುದು ನಿಜವೇ? ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದವರೊಬ್ಬರು ಅಲ್ಲಿ ಸಂಸದರಾಗಿದ್ದಾರಲ್ಲ, ಅವರ ಕ್ಷೇತ್ರವೂ ಹೀಗೇ ತಯಾರಾದದ್ದೇ?
– ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ಹಾಕಿಕೊಳ್ಳಬಹುದು. ಹೆಚ್ಚಿನ ರಾಜ್ಯಗಳಲ್ಲಿ ಹಾಕಿಕೊಳ್ಳುತ್ತಲೂ ಇದ್ದಾರೆ. ಕೋರ್ಟು ಕೆಲವು ಸಂಗತಿಗಳನ್ನು ಬಹಳ ಕಟ್ಟುನಿಟ್ಟಾಗಿ ಕೇಳುತ್ತದೆ, ಮುಖ್ಯವಾದ ಒಂದನ್ನು ಮಾತ್ರ ಕೇಳುವುದಿಲ್ಲ. ನಿಮ್ಮ ಪ್ರಶ್ನೆಯ ಗಂಟು ಬಿಚ್ಚಬೇಕಾದದ್ದು ಅಲ್ಲೇ. ಚಿಕ್ಕೋಡಿಯವರ ಕ್ಷೇತ್ರದ ಕಥೆ ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಟಿವಿಯಲ್ಲಿ ಕಂಡದ್ದು ಇದು. ಟೆಕ್ಸಾಸ್‌ನ ಕೆಳಮನೆಯಲ್ಲಿ 150 ಸದಸ್ಯರು. ಕೋರಂಗೆ ಮೂರನೇ ಎರಡು ಭಾಗ, ಅಂದರೆ 100 ಜನ ಹಾಜರಿರಬೇಕು. ಡೆಮಾಕ್ರಟಿಕ್ ಪಕ್ಷದವರು 62 ಜನ; ಅವರಲ್ಲಿ 50ಕ್ಕೂ ಹೆಚ್ಚು ಮಂದಿ ರಾಜ್ಯದ ಗಡಿ ದಾಟಿ ಇಲಿನಾಯ್ ಮುಂತಾದ ಕಡೆ ಹೋಗಿ ಕುಳಿತರೆ ಸದನ ನಡೆಯುವಂತಿಲ್ಲ. ಗೈರುಹಾಜರಿಗೆ ದಿನಕ್ಕೆ 500 ಡಾಲರ್ ದಂಡ, ಹಿಡಿದು ತರಲು ವಾರಂಟು. ಎರಡು ವಾರ ತಡೆದರು, ಆಮೇಲೆ ವಾಪಸ್ ಬಂದರು. ಬಂದವರು ಮತ್ತೆ ಕಾಲ್ತೆಗೆಯಬಾರದೆಂದು ಒಬ್ಬೊಬ್ಬರ ಹಿಂದೆ ಪೊಲೀಸರನ್ನು ಬಿಟ್ಟು, ಅದಕ್ಕೆ ಒಪ್ಪಿಗೆಯ ಸಹಿ ಹಾಕಿದರೆ ಮಾತ್ರ ಸದನದಿಂದ ಹೊರಗೆ ಎಂದು ಸ್ಪೀಕರ್ ಹೇಳಿದರು. ನಿಕೋಲ್ ಕೊಲಿಯರ್ ಎಂಬ ಶಾಸಕಿ ಸಹಿ ಹಾಕದೆ ರಾತ್ರಿ ಸದನದ ಒಳಗೇ ಮಲಗಿದರು. ಇಷ್ಟಾದರೂ ನಕ್ಷೆ ಪಾಸಾಯಿತು. ಟೆಕ್ಸಾಸ್‌ನಿಂದ ಸಂಸತ್ತಿನ ಕೆಳಮನೆಗೆ 38 ಸ್ಥಾನ, ಆಗ ರಾಜ್ಯವನ್ನು ಆಳುವ ರಿಪಬ್ಲಿಕನ್ನರ ಕೈಯಲ್ಲಿ 25 ಇತ್ತು. ಅದನ್ನು 30ಕ್ಕೆ ಏರಿಸುವುದು ಹೊಸ ನಕ್ಷೆಯ ಉದ್ದೇಶ. ಉದ್ದೇಶವನ್ನು ಯಾರೂ ಮುಚ್ಚಿಡಲಿಲ್ಲ. ಅಧ್ಯಕ್ಷ ಟ್ರಂಪ್ ಬಹಿರಂಗವಾಗಿಯೇ ಐದು ಸ್ಥಾನ ಕೇಳಿದ್ದರು. ಓಡಿಹೋಗುವುದೇನೂ ಹೊಸ ಉಪಾಯವಲ್ಲ. 2003ರಲ್ಲೂ ಇದೇ ಟೆಕ್ಸಾಸ್‌ನಲ್ಲಿ, ಇದೇ ಕಾರಣಕ್ಕೆ, ಡೆಮಾಕ್ರಟಿಕ್ ಶಾಸಕರು ಪಕ್ಕದ ಒಕ್ಲಹೋಮಾದ ಆರ್ಡ್‌ಮೋರ್ ಎಂಬ ಊರಿನ ಹೋಟೆಲು ಸೇರಿದ್ದರು. ಆಗಲೂ ನಕ್ಷೆ ಕೊನೆಗೆ ಪಾಸಾಗಿತ್ತು.

ಶಾಸಕರು ಓಡಿಹೋಗಬೇಕಾಗಿ ಬಂದದ್ದು ಏಕೆ? ಅಮೆರಿಕದ ಸಂಸತ್ತಿನ ಕೆಳಮನೆಗೆ, ಅಂದರೆ ಪ್ರತಿನಿಧಿ ಸಭೆಗೆ, 435 ಸ್ಥಾನ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗಿ, ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ಲೆಕ್ಕ ಬರುತ್ತದೆ. ಅಲ್ಲಿಯವರೆಗೆ ತಕರಾರಿಲ್ಲ. ಆದರೆ ರಾಜ್ಯದೊಳಗೆ ಕ್ಷೇತ್ರಗಳ ಗಡಿ ಎಳೆಯುವ ಕೆಲಸ ಹೆಚ್ಚಿನ ಕಡೆ ಆಯಾ ರಾಜ್ಯದ ಶಾಸನಸಭೆಯದ್ದು. ನಕ್ಷೆಯೂ ಅಲ್ಲಿ ಒಂದು ಮಸೂದೆ. ಬಹುಮತದಿಂದ ಪಾಸಾಗುತ್ತದೆ, ರಾಜ್ಯಪಾಲರು ಸಹಿ ಹಾಕುತ್ತಾರೆ. ಅಲ್ಲಿನ ರಾಜ್ಯಪಾಲರು ನಮ್ಮ ರಾಜಭವನದವರಂತಲ್ಲ, ಪಕ್ಷದ ಟಿಕೆಟ್ಟಿನಲ್ಲಿ ಗೆದ್ದು ಬಂದ ಮುಖ್ಯಮಂತ್ರಿಯ ಸಮಾನ. ಸಾಲದ್ದಕ್ಕೆ, ಶಾಸಕರು ತಮ್ಮ ಸ್ವಂತ ವಿಧಾನಸಭಾ ಕ್ಷೇತ್ರಗಳ ಗಡಿಯನ್ನೂ ತಾವೇ ಎಳೆದುಕೊಳ್ಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಪಾಲು ಹಾಕಿದವನೇ ಮೊದಲು ಪಾಲು ಎತ್ತಿಕೊಳ್ಳುವಂತಿಲ್ಲ. ಅಲ್ಲಿ ಹಾಕುವವನೂ ಎತ್ತಿಕೊಳ್ಳುವವನೂ ಒಬ್ಬನೇ.

ಗಡಿಯಿಂದ ಅಷ್ಟೇನು ಆಗುತ್ತದೆ ಎಂದು ಅನ್ನಿಸಬಹುದು. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಊರಲ್ಲಿ 25 ಮತದಾರರು, 5 ವಾರ್ಡು, ಒಂದೊಂದು ವಾರ್ಡಿಗೆ 5 ಮತ. ಕೆಂಪು ಪಕ್ಷದವರು 10 ಜನ, ನೀಲಿ ಪಕ್ಷದವರು 15 ಜನ. ಗಡಿ ಎಳೆಯುವುದು ನೀಲಿಯವರಾದರೆ ಪ್ರತಿ ವಾರ್ಡಿಗೂ ಕೆಂಪಿನವರು ಇಬ್ಬಿಬ್ಬರಂತೆ ಹರಿದು ಹಂಚಿಹೋಗುತ್ತಾರೆ. ಐದಕ್ಕೆ ಐದೂ ವಾರ್ಡು ನೀಲಿಯವರಿಗೆ. ಈಗ ಪೆನ್ನನ್ನು ಕೆಂಪಿನವರಿಗೆ ಕೊಡಿ. ಮೂರು ವಾರ್ಡಿನಲ್ಲಿ ತಮ್ಮವರು ಮೂರು ಮೂರು ಜನ ಬರುವಂತೆ ಗೆರೆ ಎಳೆದು, ಉಳಿದ ಎರಡರಲ್ಲಿ ನೀಲಿಯವರನ್ನು ಒತ್ತಿ ತುಂಬುತ್ತಾರೆ. ಶೇ 40 ಮತ ಇದ್ದವರಿಗೆ ಐದರಲ್ಲಿ ಮೂರು ವಾರ್ಡು. ಒಬ್ಬ ಮತದಾರನೂ ಮನಸ್ಸು ಬದಲಿಸಿಲ್ಲ, ಒಂದೂ ಕಳ್ಳಮತ ಬಿದ್ದಿಲ್ಲ. ಎದುರಾಳಿಗಳನ್ನು ಒಡೆದು ಚದುರಿಸು, ಚದುರಿಸಲಾಗದಷ್ಟಿದ್ದರೆ ಒಂದೆರಡು ಕಡೆ ಗುಡ್ಡೆ ಹಾಕು: ಇಡೀ ವಿದ್ಯೆ ಇಷ್ಟೇ.

ವಿದ್ಯೆ ಹಳೆಯದು. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯಪಾಲ ಎಲ್‌ಬ್ರಿಡ್ಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಡೊಂಕುಬಾಲದ ಹಲ್ಲಿಯ ಹಾಗೆ ಕಂಡು, ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ವ್ಯಂಗ್ಯಚಿತ್ರ ಮಾಡಿತು. ಜೆರಿಮ್ಯಾಂಡರಿಂಗ್ ಎಂಬ ಹೆಸರು ಬಂದದ್ದು ಅಲ್ಲಿಂದ. ಆ ವರ್ಷ ಗೆರಿ ಸೋತರು, ಅವರ ಪಕ್ಷ ರಾಜ್ಯದ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಗೆದ್ದಿತು. ಆ ಚಿತ್ರದಿಂದಾಗಿ ಇವತ್ತಿಗೂ ಜನ ಸೊಟ್ಟಪಟ್ಟ ಆಕಾರವನ್ನೇ ಮೋಸದ ಗುರುತೆಂದು ತಿಳಿಯುತ್ತಾರೆ. ಚೌಕಾಕಾರದ ನೀಟಾದ ಕ್ಷೇತ್ರಗಳಿಂದಲೂ ಅದೇ ಕೆಲಸ ಆಗುತ್ತದೆ. ಆಕಾರ ನೋಡಿ ಮೋಸ ಹೋಗಬೇಡಿ, ಎಳೆದವರು ಯಾರು ಎಂದು ಕೇಳಿ.

ಇನ್ನು ಕೋರ್ಟಿನ ವಿಚಾರ. ಇಪ್ಪತ್ತನೇ ಶತಮಾನದ ನಡುವಿನವರೆಗೆ ಅಮೆರಿಕದ ನ್ಯಾಯಾಲಯಗಳು ಇದು ರಾಜಕೀಯದ ಮುಳ್ಳುಪೊದೆ, ನಮಗೆ ಬೇಡ ಎಂದು ದೂರವೇ ಇದ್ದವು. ಪರಿಣಾಮ ಏನಾಗಿತ್ತೆಂದರೆ, ಟೆನೆಸಿ ರಾಜ್ಯದಲ್ಲಿ 1901ರ ನಂತರ ವಿಧಾನಸಭಾ ಕ್ಷೇತ್ರಗಳ ಗಡಿ ಬದಲಾಗಿಯೇ ಇರಲಿಲ್ಲ. ಜನ ಹಳ್ಳಿ ಬಿಟ್ಟು ಪೇಟೆ ಸೇರಿದ್ದರು, ಸ್ಥಾನಗಳು ಹಳ್ಳಿಯಲ್ಲೇ ಉಳಿದಿದ್ದವು. ಕ್ಯಾಲಿಫೋರ್ನಿಯಾದ ಸೆನೆಟ್ಟಿನಲ್ಲಿ ಲಾಸ್ ಏಂಜಲೀಸ್ ಕೌಂಟಿಯ 60 ಲಕ್ಷ ಜನರಿಗೆ ಒಬ್ಬ ಸೆನೆಟರ್, ಬೆಟ್ಟದ ಸೀಮೆಯ ಮೂರು ಕೌಂಟಿಗಳ 14 ಸಾವಿರ ಜನರಿಗೂ ಒಬ್ಬ ಸೆನೆಟರ್. ತನಗಿರುವ ಅಧಿಕಾರವನ್ನು ಕರಗಿಸುವ ಕಾನೂನನ್ನು ಯಾವ ಶಾಸಕ ತಾನೇ ಮಾಡುತ್ತಾನೆ? 1962ರ ಬೇಕರ್ ವಿರುದ್ಧ ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊನೆಗೂ ಒಳಗೆ ಕಾಲಿಟ್ಟಿತು. ಚಾರ್ಲ್ಸ್ ವಿಟೇಕರ್ ಎಂಬ ನ್ಯಾಯಮೂರ್ತಿ ಆ ಪ್ರಕರಣದ ಎಳೆದಾಟದಲ್ಲೇ ಜರ್ಜರಿತರಾಗಿ ಆಸ್ಪತ್ರೆ ಸೇರಿ ನಿವೃತ್ತರಾದರು. 1964ರ ಹೊತ್ತಿಗೆ ಒಬ್ಬರಿಗೆ ಒಂದು ಮತ, ಎಲ್ಲ ಮತಕ್ಕೂ ಒಂದೇ ತೂಕ ಎಂಬ ನಿಯಮ ಗಟ್ಟಿಯಾಯಿತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ತಮ್ಮ ಕಾಲದ ಅತಿ ಮುಖ್ಯ ತೀರ್ಪು ಬೇಕರ್ ಪ್ರಕರಣದ್ದು ಎಂದೇ ಭಾವಿಸಿದ್ದರು. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರ ಎಂಬ ತೀರ್ಪು ಕೊಟ್ಟವರೂ ಅವರೇ ಎಂಬುದನ್ನು ನೆನೆದರೆ ಆ ಮಾತಿನ ತೂಕ ಗೊತ್ತಾಗುತ್ತದೆ.

ಆದರೆ ಇಲ್ಲೊಂದು ವಿಪರ್ಯಾಸ ಇದೆ, ನನ್ನ ಮಟ್ಟಿಗೆ ಇಡೀ ಕಥೆಯ ಕೀಲೇ ಇದು. ಜನಸಂಖ್ಯೆ ಸಮ ಇರಬೇಕೆಂಬ ನಿಯಮವನ್ನು ಕೋರ್ಟುಗಳು ಎಷ್ಟು ಬಿಗಿ ಮಾಡಿದವೆಂದರೆ, 2002ರಲ್ಲಿ ಪೆನ್ಸಿಲ್ವೇನಿಯಾದ ನಕ್ಷೆಯೊಂದನ್ನು ಅತಿ ದೊಡ್ಡ ಮತ್ತು ಅತಿ ಸಣ್ಣ ಕ್ಷೇತ್ರಗಳ ನಡುವೆ 19 ಜನರ ವ್ಯತ್ಯಾಸ ಇದೆ ಎಂದು ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. ಲಕ್ಷಗಳಲ್ಲ, ಸಾವಿರಗಳಲ್ಲ, 19 ತಲೆ. ಇಷ್ಟು ಕರಾರುವಾಕ್ಕಾಗಿ ಸಮ ಮಾಡಬೇಕೆಂದರೆ ತಾಲ್ಲೂಕು, ಊರು, ಬೀದಿ ಯಾವುದರ ಗಡಿಯನ್ನೂ ಲೆಕ್ಕಿಸುವ ಹಾಗಿಲ್ಲ. ಹತ್ತು ವರ್ಷಕ್ಕೊಮ್ಮೆ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಲು, ಯಾವ ಬೀದಿಯನ್ನು ಬೇಕಾದರೂ ಸೀಳಲು, ಕೋರ್ಟೇ ಸಕಾರಣ ಒದಗಿಸಿದಂತಾಯಿತು. ಸಮತೆಯ ಹೆಸರಿನಲ್ಲಿ ಪೆನ್ನಿಗೆ ಮೊನೆ ಬಂತು. ಆಮೇಲೆ ಕಂಪ್ಯೂಟರ್ ಬಂತು. ಯಾವ ಬ್ಲಾಕಿನವರು ಹೋದ ಸಲ ಯಾರಿಗೆ ಮತ ಹಾಕಿದರು ಎಂಬ ಅಂದಾಜು ಪರದೆಯ ಮೇಲೆ ಬಣ್ಣದಲ್ಲಿ ಕಾಣುವಂತಾಯಿತು.

ಇದು ಎಲ್ಲಿಯವರೆಗೆ ಹೋಯಿತೆಂದರೆ, 2016ರಲ್ಲಿ ಉತ್ತರ ಕೆರೊಲಿನಾದ ನಕ್ಷೆ ಮಂಡಿಸಿದ ರಿಪಬ್ಲಿಕನ್ ಶಾಸಕ ಡೇವಿಡ್ ಲೂಯಿಸ್ ಸಮಿತಿಯ ಸಭೆಯಲ್ಲೇ ಹೇಳಿದರು: ಹತ್ತು ಸ್ಥಾನ ನಮಗೆ, ಮೂರು ಅವರಿಗೆ ಬರುವ ಹಾಗೆ ಮಾಡಿದ್ದೇವೆ, ಏಕೆಂದರೆ ಹನ್ನೊಂದು-ಎರಡು ಮಾಡಲು ಸಾಧ್ಯವಿದೆ ಎಂದು ನನಗನ್ನಿಸುವುದಿಲ್ಲ. ಕದ್ದುಮುಚ್ಚಿ ಆಡಿದ ಮಾತಲ್ಲ, ಕಡತದಲ್ಲಿ ದಾಖಲಾದ ಮಾತು. ಹಾಗೆ ಹೇಳಿದ್ದಕ್ಕೆ ಕಾರಣವೂ ಇತ್ತು. ಹಿಂದಿನ ನಕ್ಷೆ ಜನಾಂಗದ ಆಧಾರದ ಮೇಲೆ ಮಾಡಿದ್ದು ಎಂದು ಕೋರ್ಟಿನಲ್ಲಿ ಬಿದ್ದುಹೋಗಿತ್ತು. ಈ ಸಲ ನಾವು ನೋಡಿದ್ದು ಜನಾಂಗವನ್ನಲ್ಲ, ಪಕ್ಷವನ್ನು ಎಂದು ಬರೆಸಿಟ್ಟುಕೊಳ್ಳಬೇಕಿತ್ತು. ಆ ನಕ್ಷೆಯ ಒಂದು ಗೆರೆಯನ್ನು ಹತ್ತಿರದಿಂದ ನೋಡಿ. ಗ್ರೀನ್ಸ್‌ಬರೋ ಊರಿನಲ್ಲಿ ನಾರ್ತ್ ಕೆರೊಲಿನಾ ಎ ಅಂಡ್ ಟಿ ವಿಶ್ವವಿದ್ಯಾಲಯ ಇದೆ, ಕಪ್ಪು ಜನರಿಗಾಗಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಲ್ಲಿ ಅತಿ ದೊಡ್ಡದು. ಅದರ ಕ್ಯಾಂಪಸ್ಸಿನ ನಡುವೆ ಲಾರೆಲ್ ಸ್ಟ್ರೀಟ್ ಹಾದುಹೋಗುತ್ತದೆ. ಕ್ಷೇತ್ರದ ಗಡಿಯನ್ನು ಆ ರಸ್ತೆಗುಂಟ ಎಳೆಯಲಾಗಿತ್ತು. ರಸ್ತೆಯ ಈಚೆಯ ಹಾಸ್ಟೆಲಿನವರು 6ನೇ ಕ್ಷೇತ್ರ, ಆಚೆಯವರು 13ನೇ ಕ್ಷೇತ್ರ. ಸಾವಿರಾರು ವಿದ್ಯಾರ್ಥಿಗಳ ಮತ ಎರಡಾಗಿ ಒಡೆದು ಎರಡೂ ಕಡೆ ಅಲ್ಪಸಂಖ್ಯಾತವಾಯಿತು, ಎರಡೂ ಕ್ಷೇತ್ರದಲ್ಲಿ ರಿಪಬ್ಲಿಕನ್ನರು ಗೆದ್ದರು. ಕೋಣೆ ಬದಲಿಸಿದ ವಿದ್ಯಾರ್ಥಿಗೆ ಸಂಸದರೇ ಬದಲು.

ಈ ನಕ್ಷೆ ಸುಪ್ರೀಂ ಕೋರ್ಟಿಗೆ ಹೋಯಿತು. ಜೊತೆಗೆ ಮೇರಿಲ್ಯಾಂಡಿನ ನಕ್ಷೆಯೂ ಹೋಯಿತು. ಅಲ್ಲಿ ಇದೇ ಕೆಲಸ ಮಾಡಿದ್ದವರು ಡೆಮಾಕ್ರಟರು. ರಿಪಬ್ಲಿಕನ್ನರ ಒಂದು ಕ್ಷೇತ್ರವನ್ನು ಬೇಕೆಂದೇ ಕಿತ್ತುಕೊಂಡಿದ್ದನ್ನು ಅಂದಿನ ರಾಜ್ಯಪಾಲರೇ ಸಾಕ್ಷ್ಯದಲ್ಲಿ ಒಪ್ಪಿದ್ದರು. ಹಾಗಾಗಿ ಇದನ್ನು ಒಂದೇ ಪಕ್ಷದ ಪಾಪವೆಂದು ಯಾರೂ ಬರೆದುಕೊಳ್ಳಬೇಕಿಲ್ಲ. 2019ರ ಜೂನ್ 27ರಂದು ತೀರ್ಪು ಬಂತು, 5–4. ಇಂಥ ನಕ್ಷೆಗಳು ಅನ್ಯಾಯವೆಂದು ಕಾಣುವುದು ಸಹಜ, ಪ್ರಜಾಪ್ರಭುತ್ವಕ್ಕೆ ಒಗ್ಗುವಂಥವಲ್ಲ ಎಂದು ಒಪ್ಪಿಕೊಂಡೇ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು: ಎಷ್ಟು ಪಕ್ಷಪಾತ ಅತಿ ಎಂದು ಅಳೆಯುವ ಅಳತೆಗೋಲು ಸಂವಿಧಾನದಲ್ಲಿಲ್ಲ, ಫೆಡರಲ್ ನ್ಯಾಯಾಲಯಗಳು ಇದರಲ್ಲಿ ಕೈಹಾಕುವಂತಿಲ್ಲ. ನ್ಯಾಯಮೂರ್ತಿ ಎಲೆನಾ ಕೇಗನ್ ತಮ್ಮ ಭಿನ್ನಮತವನ್ನು ಪೀಠದಿಂದಲೇ ಓದಿ ಹೇಳಿದರು. ಅಳತೆಗೋಲು ಕಷ್ಟ ಎಂಬುದು ನಿಜ. ಆದರೆ ಎಳೆದವರೇ ಎದ್ದು ನಿಂತು ನಾವು ಹೀಗೆಂದೇ ಎಳೆದೆವು ಎನ್ನುವಾಗ ಅಳತೆಗೋಲು ಹುಡುಕುತ್ತ ಕೂರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಹೀಗಾಗಿ ಇಂದಿನ ಸ್ಥಿತಿ ವಿಚಿತ್ರವಾಗಿದೆ. ಅದೇ ಗೆರೆ, ಅದೇ ರಸ್ತೆ. ಕಪ್ಪು ಜನ ಎಂದು ನೋಡಿ ಎಳೆದೆ ಎಂದರೆ ಸಂವಿಧಾನಬಾಹಿರ. ಡೆಮಾಕ್ರಟರು ಎಂದು ನೋಡಿ ಎಳೆದೆ ಎಂದರೆ ಫೆಡರಲ್ ಕೋರ್ಟಿನಲ್ಲಿ ಪ್ರಶ್ನೆಯೇ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮತದಾರರಲ್ಲಿ ಬಹುಪಾಲು ಜನ ಡೆಮಾಕ್ರಟಿಕ್ ಪಕ್ಷಕ್ಕೇ ಮತ ಹಾಕುವವರಾದ್ದರಿಂದ ಎರಡರ ನಡುವೆ ವ್ಯತ್ಯಾಸ ಹುಡುಕುವುದು ವಕೀಲರ ಕೆಲಸವಾಗಿದೆ. 2024ರಲ್ಲಿ ದಕ್ಷಿಣ ಕೆರೊಲಿನಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 6–3ರಿಂದ, ಜನಾಂಗವೇ ಕಾರಣ ಎಂದು ಸಾಬೀತು ಮಾಡುವ ಹೊಣೆಯನ್ನು ದೂರುದಾರರ ತಲೆಯ ಮೇಲೆ ಇನ್ನಷ್ಟು ಭಾರ ಮಾಡಿತು.

ನಿಮ್ಮ ಮನೆಯ ಮಕ್ಕಳು ಅಮೆರಿಕದಲ್ಲಿದ್ದರೆ ಅವರಿಗೂ ತಾಗುವ ಒಂದು ಮಾತು. ಕ್ಷೇತ್ರದ ಜನಸಂಖ್ಯೆ ಎಂದರೆ ಮತದಾರರ ಸಂಖ್ಯೆಯಲ್ಲ, ಅಲ್ಲಿ ವಾಸಿಸುವ ಎಲ್ಲರ ಸಂಖ್ಯೆ. ಡಲ್ಲಾಸ್ ಹತ್ತಿರ ಎಚ್-1ಬಿ ವೀಸಾದಲ್ಲಿರುವ ಕನ್ನಡಿಗ ಎಂಜಿನಿಯರ್‌ಗೆ ಮತವಿಲ್ಲ, ಆದರೆ ಅವರ ತಲೆ ಎಣಿಕೆಗೆ ಬರುತ್ತದೆ. ಟೆಕ್ಸಾಸ್‌ಗೆ ಸ್ಥಾನ ಹೆಚ್ಚಲು ಅವರೂ ಒಂದಿಷ್ಟು ಕಾರಣ. ಹೀಗೆ ಎಲ್ಲರನ್ನೂ ಎಣಿಸುವುದು ಸರಿ ಎಂದು 2016ರಲ್ಲಿ ಕೋರ್ಟು ಒಮ್ಮತದಿಂದ ಹೇಳಿತು. ರಿಪಬ್ಲಿಕನ್ನರ ಹೆಸರಾಂತ ನಕ್ಷೆಗಾರ ಥಾಮಸ್ ಹೊಫೆಲರ್ 2018ರಲ್ಲಿ ತೀರಿಕೊಂಡ ಮೇಲೆ ಅವರ ಹಾರ್ಡ್ ಡ್ರೈವುಗಳು ಮಗಳ ಕೈಗೆ ಸಿಕ್ಕವು. ನಾಗರಿಕರನ್ನು ಮಾತ್ರ ಎಣಿಸಿ ಗಡಿ ಎಳೆದರೆ ರಿಪಬ್ಲಿಕನ್ನರಿಗೂ ಬಿಳಿಯರಿಗೂ ಲಾಭ ಎಂಬ ಅವರ ಟಿಪ್ಪಣಿ ಅದರಲ್ಲಿತ್ತು. ಗಣತಿಯಲ್ಲಿ ಪೌರತ್ವದ ಪ್ರಶ್ನೆ ಸೇರಿಸುವ ಪ್ರಯತ್ನವನ್ನು ಸುಪ್ರೀಂ ಕೋರ್ಟು ತಡೆದದ್ದೂ ಅದೇ 2019ರ ಜೂನ್ 27ರಂದೇ. ಎಣಿಕೆಯ ವಿಚಾರ ಬಂದಾಗ ಐಯೋವಾದ ಅನಮೋಸ ಎಂಬ ಪುಟ್ಟ ಊರನ್ನು ಬಿಡಲಾಗದು. ಅಲ್ಲಿ ಜೈಲಿದೆ. ನಗರಸಭೆಯ ಒಂದು ವಾರ್ಡಿನ ಸುಮಾರು 1,400 ಜನರಲ್ಲಿ ಸುಮಾರು 1,300 ಮಂದಿ ಕೈದಿಗಳಾಗಿದ್ದರು, ಮತ ಹಾಕುವಂತಿಲ್ಲದವರು. 2005ರಲ್ಲಿ ಆ ವಾರ್ಡಿಗೆ ಯಾರೂ ನಾಮಪತ್ರ ಹಾಕಲಿಲ್ಲ. ಒಬ್ಬರ ಹೆಸರನ್ನು ಅವರ ಹೆಂಡತಿ ಮತ್ತು ಪಕ್ಕದ ಮನೆಯವರು ಮತಪತ್ರದ ಮೇಲೆ ಬರೆದರು. ಎರಡು ಮತ ಪಡೆದು ಅವರು ಗೆದ್ದುಬಿಟ್ಟರು!

ಈಗ ಹಣ. ಎಷ್ಟು ಬೇಕಾದರೂ ಸುರಿಯಬಹುದೇ ಎಂಬುದಕ್ಕೆ ಉತ್ತರ: ಅಭ್ಯರ್ಥಿಯ ಕೈಗೆ ಕೊಡುವುದಕ್ಕೆ ಮಿತಿ ಇದೆ, ಅಭ್ಯರ್ಥಿಯ ಪರವಾಗಿ ಹೊರಗೆ ನಿಂತು ಖರ್ಚು ಮಾಡುವುದಕ್ಕೆ ಮಿತಿ ಇಲ್ಲ. 2025–26ರಲ್ಲಿ ಒಬ್ಬ ವ್ಯಕ್ತಿ ಸಂಸತ್ತಿನ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾದದ್ದು 3,500 ಡಾಲರ್. (ಗ್ರೀನ್ ಕಾರ್ಡ್ ಇದ್ದವರು ಮತ ಹಾಕುವಂತಿಲ್ಲ, ದೇಣಿಗೆ ಕೊಡಬಹುದು, ಎಚ್-1ಬಿಯವರು ಒಂದು ಡಾಲರ್ ಕೊಟ್ಟರೂ ಕಾನೂನುಬಾಹಿರ. ಇದನ್ನು ಮಕ್ಕಳಿಗೆ ತಿಳಿಸಿ.) ಖರ್ಚು ಮಾಡುವುದು ವಾಕ್‌ಸ್ವಾತಂತ್ರ್ಯದ ಭಾಗ, ಅದಕ್ಕೆ ಮಿತಿ ಹಾಕುವಂತಿಲ್ಲ ಎಂದು 1976ರಲ್ಲೇ ಕೋರ್ಟು ಹೇಳಿತ್ತು. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಆ ಸ್ವಾತಂತ್ರ್ಯವನ್ನು ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ಕೊಟ್ಟಿತು. ಅದರ ಬೆನ್ನಿಗೆ, ಹೀಗೆ ಹೊರಗೆ ನಿಂತು ಖರ್ಚು ಮಾಡುವ ಸೂಪರ್ ಪ್ಯಾಕ್ ಎಂಬ ಸಂಸ್ಥೆಗಳು ಹುಟ್ಟಿದವು. 2024ರಲ್ಲಿ ಇಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದ್ದು ಈ ದಾರಿಯಿಂದ. ಇದನ್ನೆಲ್ಲ ನೋಡಿಕೊಳ್ಳಬೇಕಾದ ಫೆಡರಲ್ ಚುನಾವಣಾ ಆಯೋಗದಲ್ಲಿ ಆರು ಸದಸ್ಯಸ್ಥಾನ, ಒಂದು ಪಕ್ಷದವರು ಮೂವರಿಗಿಂತ ಹೆಚ್ಚಿರುವಂತಿಲ್ಲ, ತೀರ್ಮಾನಕ್ಕೆ ನಾಲ್ಕು ಮತ ಬೇಕು. ಪರಿಣಾಮ ಊಹಿಸಿಕೊಳ್ಳಿ.

ಆದರೆ ಅಧ್ಯಕ್ಷ ಚುನಾವಣೆಯ ಕೋಟಿಗಳಿಗಿಂತ ನನಗೆ ಹೆಚ್ಚು ಚುರುಕಾಗಿ ಕಾಣುವುದು 2010ರಲ್ಲಿ ಸದ್ದಿಲ್ಲದೆ ಖರ್ಚಾದ ಮೂರು ಕೋಟಿ ಡಾಲರ್. ಜನಗಣತಿಯ ವರ್ಷ ಅದು. ಮರುವರ್ಷ ನಕ್ಷೆ ಬರೆಯುವವರು ರಾಜ್ಯದ ಶಾಸಕರು. ಶಾಸಕರ ಚುನಾವಣೆಗೆ ಯಾರೂ ಅಷ್ಟು ಗಮನ ಕೊಡುವುದಿಲ್ಲ, ಖರ್ಚೂ ಕಡಿಮೆ. ಹಾಗಾದರೆ ಅಲ್ಲಿಯೇ ಹಣ ಹಾಕೋಣ ಎಂದು ರಿಪಬ್ಲಿಕನ್ನರು ರೆಡ್‌ಮ್ಯಾಪ್ ಎಂಬ ಯೋಜನೆ ಮಾಡಿ, ಆಯ್ದ ರಾಜ್ಯಗಳ ಆಯ್ದ ಕ್ಷೇತ್ರಗಳಿಗೆ ಕೊನೆಯ ವಾರಗಳಲ್ಲಿ ಹಣ ಸುರಿದರು. ಒಬಾಮಾ ವಿರುದ್ಧದ ಅಲೆಯೂ ಸೇರಿ ದೇಶದಾದ್ಯಂತ ಸುಮಾರು 680 ಶಾಸಕ ಸ್ಥಾನ ಹೆಚ್ಚು ಬಂದವು. 2012ರ ಚುನಾವಣೆಯಲ್ಲಿ ಪ್ರತಿನಿಧಿ ಸಭೆಗೆ ಡೆಮಾಕ್ರಟರಿಗೆ ಬಿದ್ದ ಒಟ್ಟು ಮತ ಎದುರಾಳಿಗಳಿಗಿಂತ ಸುಮಾರು 14 ಲಕ್ಷ ಹೆಚ್ಚು. ಸ್ಥಾನ? ರಿಪಬ್ಲಿಕನ್ನರಿಗೆ 234, ಡೆಮಾಕ್ರಟರಿಗೆ 201. ಎಲ್ಲವೂ ನಕ್ಷೆಯ ಪ್ರತಾಪ ಎನ್ನಲಾಗದು. ಡೆಮಾಕ್ರಟರು ಪೇಟೆಗಳಲ್ಲಿ ತಾವಾಗಿಯೇ ಒತ್ತೊತ್ತಾಗಿ ವಾಸಿಸುವುದರಿಂದ ಅವರ ಮತ ಹೇಗೂ ಗುಡ್ಡೆ ಬೀಳುತ್ತದೆ. ಆದರೂ ಪೆನ್ಸಿಲ್ವೇನಿಯಾದ 7ನೇ ಕ್ಷೇತ್ರವನ್ನು ನೋಡಿದರೆ ಸಹಜತೆಯ ವಾದ ನಿಲ್ಲುವುದಿಲ್ಲ. ಫಿಲಡೆಲ್ಫಿಯಾ ಹೊರವಲಯದ ಈ ಕ್ಷೇತ್ರವನ್ನು ಜನ ಕಾರ್ಟೂನಿನ ಗೂಫಿ ಡೊನಾಲ್ಡ್ ಡಕ್‌ಗೆ ಒದೆಯುತ್ತಿರುವ ಚಿತ್ರ ಎಂದು ಕರೆಯುತ್ತಿದ್ದರು. ಕಿಂಗ್ ಆಫ್ ಪ್ರಷ್ಯ ಎಂಬಲ್ಲಿ ಅದರ ಅಗಲ ಒಂದು ಹೋಟೆಲಿನ ಅಗಲಕ್ಕೆ ಇಳಿದಿತ್ತು. ಮೀನು-ಮಾಂಸದ ಊಟಕ್ಕೆ ಹೆಸರಾದ ಆ ಹೋಟೆಲಿನ ಮೂಲಕವೇ ಕ್ಷೇತ್ರದ ಎರಡು ತುಂಡುಗಳು ಅಂಟಿಕೊಂಡಿದ್ದವು. 2012ರಲ್ಲಿ ಆ ರಾಜ್ಯದಲ್ಲಿ ಅರ್ಧಕ್ಕಿಂತ ಕಡಿಮೆ ಮತ ಪಡೆದು ರಿಪಬ್ಲಿಕನ್ನರು 18ರಲ್ಲಿ 13 ಗೆದ್ದರು. 2018ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು, ರಾಜ್ಯದ ಸ್ವಂತ ಸಂವಿಧಾನದ ಆಧಾರದ ಮೇಲೆ, ಆ ನಕ್ಷೆಯನ್ನು ರದ್ದು ಮಾಡಿ ಹೊಸದನ್ನು ಕೊಟ್ಟಿತು. ಅದೇ ವರ್ಷದ ಚುನಾವಣೆಯಲ್ಲಿ 9–9. ಫೆಡರಲ್ ಕೋರ್ಟಿನ ಬಾಗಿಲು ಮುಚ್ಚಿದರೂ ರಾಜ್ಯದ ಕೋರ್ಟಿನ ಬಾಗಿಲು ಕೆಲವೆಡೆ ತೆರೆದಿದೆ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ನಿಮ್ಮ ಚಿಕ್ಕೋಡಿಯವರು. ಶ್ರೀ ಥಾನೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ, ಮರಾಠಿ ಕುಟುಂಬ. ರಸಾಯನಶಾಸ್ತ್ರ ಓದಿ ಅಮೆರಿಕಕ್ಕೆ ಹೋಗಿ ಉದ್ಯಮಿಯಾದರು. 2023ರ ಜನವರಿಯಿಂದ ಮಿಷಿಗನ್‌ನ 13ನೇ ಕ್ಷೇತ್ರದ, ಅಂದರೆ ಡೆಟ್ರಾಯಿಟ್ ನಗರದ ಬಹುಭಾಗದ, ಡೆಮಾಕ್ರಟಿಕ್ ಸಂಸದರು. ಅವರ ಕ್ಷೇತ್ರವನ್ನು ಯಾವ ಪಕ್ಷವೂ ಎಳೆಯಲಿಲ್ಲ. 2016ರಲ್ಲಿ ಕೇಟಿ ಫೇಹಿ ಎಂಬ ಇಪ್ಪತ್ತೇಳರ ಆಸುಪಾಸಿನ ಯುವತಿ, ಮಿಷಿಗನ್‌ನಲ್ಲಿ ಈ ನಕ್ಷೆ ಮೋಸ ನಿಲ್ಲಿಸಬೇಕು, ಯಾರು ಬರುತ್ತೀರಿ ಎಂದು ಫೇಸ್‌ಬುಕ್ಕಿನಲ್ಲಿ ಬರೆದರು. ಸಂಬಳದ ಕಾರ್ಯಕರ್ತರಿಲ್ಲದೆ ನಾಲ್ಕು ಲಕ್ಷಕ್ಕೂ ಮೀರಿ ಸಹಿ ಸಂಗ್ರಹವಾಗಿ, 2018ರಲ್ಲಿ ಶೇ 61 ಮತದಿಂದ ರಾಜ್ಯದ ಸಂವಿಧಾನವೇ ತಿದ್ದುಪಡಿಯಾಯಿತು. ಅರ್ಜಿ ಹಾಕಿದ ಸಾಮಾನ್ಯ ಜನರಿಂದ ಲಾಟರಿ ಎತ್ತಿ 13 ಜನರ ಆಯೋಗ: ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. ಅವರ ನಕ್ಷೆಯ ಮೇಲೆ 2022ರಲ್ಲಿ ನಡೆದ ಚುನಾವಣೆಯಲ್ಲಿ ಡೆಮಾಕ್ರಟರು ಸುಮಾರು 40 ವರ್ಷಗಳ ನಂತರ ರಾಜ್ಯದ ಎರಡೂ ಸದನ ಹಿಡಿದರು. 2024ರಲ್ಲಿ ಗಾಳಿ ತಿರುಗಿದಾಗ ಕೆಳಮನೆ ಮತ್ತೆ ರಿಪಬ್ಲಿಕನ್ನರಿಗೆ ಹೋಯಿತು. ಜನ ಮನಸ್ಸು ಬದಲಿಸಿದರೆ ಸದನವೂ ಬದಲಾಗಬೇಕು ತಾನೇ.

ಆದರೆ ಆಯೋಗ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ಬರೆದರೆ ಡೆಟ್ರಾಯಿಟ್‌ನ ಜನ ಒಪ್ಪುವುದಿಲ್ಲ. ಆ ನಗರದಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಕಪ್ಪು ಸಮುದಾಯದವರು. ಹಿಂದೆ ಅವರನ್ನು ಒಂದೆರಡು ಕ್ಷೇತ್ರದಲ್ಲಿ ತುಂಬಿಡಲಾಗುತ್ತಿತ್ತು. ಹೊಸ ಆಯೋಗ ಆ ಗುಡ್ಡೆಯನ್ನು ಹರಡಿ, ನಗರವನ್ನು ಸೀಳಿ ಬಿಳಿಯರ ಉಪನಗರಗಳ ಜೊತೆ ಜೋಡಿಸಿತು. 2022ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಒಂಬತ್ತು ಜನ ನಿಂತರು, ಕಪ್ಪು ಸಮುದಾಯದ ಮತಗಳು ಹಲವು ಅಭ್ಯರ್ಥಿಗಳ ನಡುವೆ ಹಂಚಿಹೋದವು, ಸುಮಾರು ಶೇ 28 ಮತ ಪಡೆದ ಥಾನೇದಾರ್ ಗೆದ್ದರು. ಡೆಮಾಕ್ರಟರ ಭದ್ರಕೋಟೆಯಾದ್ದರಿಂದ ಪ್ರೈಮರಿ ಗೆದ್ದರೆ ಚುನಾವಣೆ ಗೆದ್ದಂತೆ. 1955ರಿಂದ ಸತತವಾಗಿ ಕಪ್ಪು ಸಂಸದರಿದ್ದ ಊರಿಗೆ ಮೊದಲ ಸಲ ಅಂಥವರೊಬ್ಬರೂ ಇಲ್ಲವಾದರು. ಪ್ರಚಾರಕ್ಕೆ ಥಾನೇದಾರ್ ಹಾಕಿದ್ದು ಬಹುಪಾಲು ತಮ್ಮದೇ ಹಣ, ಲಕ್ಷಾಂತರ ಡಾಲರ್. ಅದು ಪೂರ್ತಿ ಕಾನೂನುಬದ್ಧ. ಸ್ವಂತ ಹಣಕ್ಕೆ ಅಲ್ಲಿ ಮಿತಿಯೇ ಇಲ್ಲ. ನಮ್ಮಲ್ಲಿ ಲೋಕಸಭೆಗೆ ನಿಂತ ಅಭ್ಯರ್ಥಿಗೆ, ಸ್ವಂತದ್ದಾಗಲಿ ಬೇರೆಯವರದ್ದಾಗಲಿ, ಕರ್ನಾಟಕದಂಥ ರಾಜ್ಯದಲ್ಲಿ 95 ಲಕ್ಷ ರೂಪಾಯಿಯ ಮಿತಿ ಇದೆ. ಆ ಮಿತಿ ಕಾಗದದ ಮೇಲೆ ಹೇಗಿರುತ್ತದೆ, ಬೀದಿಯಲ್ಲಿ ಹೇಗಿರುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. 2023ರ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಲಯವೊಂದು ಡೆಟ್ರಾಯಿಟ್ ಭಾಗದ 13 ಶಾಸಕ ಕ್ಷೇತ್ರಗಳನ್ನು ಆಯೋಗ ಜನಾಂಗದ ಲೆಕ್ಕದಲ್ಲೇ ಎಳೆದಿದೆ ಎಂದು ರದ್ದು ಮಾಡಿತು. ಪಕ್ಷಪಾತ ಹೋದರೂ ಗೆರೆ ಎಳೆದ ಮೇಲೆ ಯಾರಿಗಾದರೂ ನೋವು ಇದ್ದೇ ಇರುತ್ತದೆ. ಆದರೂ ತಪ್ಪು ಮಾಡುವ ಆಯೋಗ, ಬೇಕೆಂದೇ ಮಾಡುವ ಶಾಸಕನಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಇಂಥ ಆಯೋಗಗಳ ಕಾಲ ಬಂತು ಎನ್ನುವಾಗಲೇ 2025 ಬಂದದ್ದು. ಟೆಕ್ಸಾಸ್ ಐದು ಸ್ಥಾನ ಕಿತ್ತುಕೊಂಡಿತು ಎಂದು ಕ್ಯಾಲಿಫೋರ್ನಿಯಾದ ಡೆಮಾಕ್ರಟರು ತಮ್ಮ ರಾಜ್ಯದ ಸ್ವತಂತ್ರ ಆಯೋಗದ ನಕ್ಷೆಯನ್ನು 2030ರವರೆಗೆ ಬದಿಗಿಟ್ಟು, ತಾವೂ ಐದು ಸ್ಥಾನ ಗಳಿಸುವ ನಕ್ಷೆಯನ್ನು ಜನರ ಮುಂದಿಟ್ಟರು. ನವೆಂಬರ್ 4ರಂದು ಸುಮಾರು ಶೇ 64 ಜನ ಹೂಂ ಎಂದರು. ಮಿಸೌರಿ, ಉತ್ತರ ಕೆರೊಲಿನಾ ಒಂದೊಂದು ಸ್ಥಾನಕ್ಕಾಗಿ ನಕ್ಷೆ ತಿದ್ದಿದವು. ಟೆಕ್ಸಾಸ್ ನಕ್ಷೆಯನ್ನು ಕೆಳಗಿನ ಫೆಡರಲ್ ಕೋರ್ಟು ಜನಾಂಗದ ಕಾರಣಕ್ಕೆ ತಡೆಯಿತು, ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆಯಿತು. ಇಷ್ಟರ ನಡುವೆ ನೆನಪಿಡಬೇಕಾದದ್ದು ಇಂಡಿಯಾನ. 50 ಜನರ ಸೆನೆಟ್ಟಿನಲ್ಲಿ 40 ಜನ ರಿಪಬ್ಲಿಕನ್ನರು. ಅಧ್ಯಕ್ಷರ ಒತ್ತಡ, ಬೆದರಿಕೆ ಎಲ್ಲ ಬಂದವು. ಡಿಸೆಂಬರ್ 11ರಂದು ಮತಕ್ಕೆ ಹಾಕಿದಾಗ ಅವರಲ್ಲಿ 21 ಜನ ತಮ್ಮದೇ ಪಕ್ಷದ ನಕ್ಷೆಯ ವಿರುದ್ಧ ಮತ ಹಾಕಿದರು. 31–19ರಿಂದ ಅದು ಬಿತ್ತು. ಕಾನೂನು ತಡೆಯಲಾಗದ್ದನ್ನು ಅಲ್ಲಿ 21 ಜನ ತಡೆದರು.

ನೀವು ಕೇಳದಿದ್ದರೂ ನಮ್ಮಲ್ಲಿ ಹೇಗೆ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದೇ ಇರುತ್ತದೆ. ಲೋಕಸಭೆ, ವಿಧಾನಸಭೆಗಳ ಮಟ್ಟಿಗೆ ನಮ್ಮ ಏರ್ಪಾಡು ಮೇಲು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರ ಅಧ್ಯಕ್ಷತೆಯಲ್ಲಿ, ಚುನಾವಣಾ ಆಯುಕ್ತರೊಡನೆ, ಮರುವಿಂಗಡಣೆ ಆಯೋಗ ಗಡಿ ಹಾಕುತ್ತದೆ. ಸಂಸದರು, ಶಾಸಕರು ಸಹ ಸದಸ್ಯರಾಗಿ ಕೂತು ಮಾತಾಡಬಹುದು, ಮತ ಹಾಕುವಂತಿಲ್ಲ. ಹಿಂದಿನ ಆಯೋಗ ಎಳೆದ ಗಡಿಯ ಮೇಲೆ ಮೊದಲು ಚುನಾವಣೆ ನಡೆಸಿದ್ದು ನಮ್ಮ ಕರ್ನಾಟಕವೇ, 2008ರಲ್ಲಿ. ಆದರೆ ನಗರಪಾಲಿಕೆಗೆ ಇಳಿದರೆ ಪೆನ್ನು ರಾಜ್ಯ ಸರ್ಕಾರದ ಕೈಯಲ್ಲಿದೆ. ಬೆಂಗಳೂರಿನ 198 ವಾರ್ಡುಗಳನ್ನು ಬಿಜೆಪಿ ಸರ್ಕಾರ 243 ಮಾಡಿತು, ಕಾಂಗ್ರೆಸ್ ಸರ್ಕಾರ ಬಂದು 225 ಮಾಡಿತು, ಆಮೇಲೆ ಪಾಲಿಕೆಯೇ ಐದಾಯಿತು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ ಈ ಗೆರೆ ಎಳೆದಾಟದಲ್ಲಿ ಐದು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ.

ಮುಂದಿನ ಕ್ಷೇತ್ರ ಮರುವಿಂಗಡಣೆ ಬಂದಾಗ ದಕ್ಷಿಣಕ್ಕೆ ಎಷ್ಟು ಸ್ಥಾನ, ಉತ್ತರಕ್ಕೆ ಎಷ್ಟು ಎಂಬ ಚರ್ಚೆ ಟಿವಿಯಲ್ಲಿ ಜೋರಾಗಿಯೇ ನಡೆಯುತ್ತದೆ. ಅದರ ಜೊತೆಗೆ, ಆಯೋಗ ಗೆಜೆಟ್ಟಿನಲ್ಲಿ ಕರಡು ಪ್ರಕಟಿಸಿದಾಗ ನಿಮ್ಮ ಹೋಬಳಿ ಯಾವ ಕ್ಷೇತ್ರಕ್ಕೆ ಬಿದ್ದಿದೆ ಎಂದು ತೆಗೆದು ನೋಡಿ. ತಕರಾರಿದ್ದರೆ ಗಡುವಿನೊಳಗೆ ಬರೆದು ಕೊಡಿ, ಬಹಿರಂಗ ಸಭೆ ಕರೆದಾಗ ಹೋಗಿ ಮಾತಾಡಿ. ಅಂತಿಮ ಆದೇಶ ಹೊರಟ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ತೀರಾ ಮನಸೋಇಚ್ಛೆ ನಡೆದಿದೆ ಎಂದು ತೋರಿಸಿದರೆ ಮಾತ್ರ ಕೋರ್ಟು ನೋಡಬಹುದೆಂದು 2024ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಉಳಿದ ಯಾವ ತಕರಾರಿಗೂ ಆಮೇಲೆ ಎಡೆಯಿಲ್ಲ.